ಬೆಳ್ಳಿ ತಟ್ಟೆಯ ಬಿಸಿಲು

ಅಕ್ಕನ ಮನೆ,
ಮಂಗಳವಾರ, ಮಗು ಮಲಗಿರುವ ಹೊತ್ತು

ಸ್ಮೈಲ್ ಸರ್ ಅವರಿಗೆ,

ಹೀಗೆ ಕರೆದೆನೆಂದು ಮುಖ ಊದಿಸಿಕೊಳ್ಳಬೇಡಿ. ಬೀದಿಯವರೆಲ್ಲ ನಿಮ್ಮನ್ನು ಕರೆಯುವುದು ಹಾಗೇ ಅಲ್ಲವೇ? ‘ರೀ’ ಎಂದು ಶುರುಮಾಡಲು ಪೆನ್ನು ಒಪ್ಪಲಿಲ್ಲ, ‘ಪ್ರೀತಿಯ’ ಎಂದು ಬರೆಯಲು ನಾನು ಒಪ್ಪಲಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳು ಹಾಲು ಕುಡಿದು, ಅದರಲ್ಲಿ ಅರ್ಧವನ್ನು ಅಕ್ಕನ ಹೆಗಲ ಮೇಲೆ ಕಕ್ಕಿ, ಈಗಷ್ಟೇ ಮಲಗಿದ್ದಾಳೆ. ಅವಳು ಏಳುವುದರೊಳಗೆ ಬರೆದು ಮುಗಿಸಬೇಕು. ಕೋಪವನ್ನು ತಿದ್ದಿ ತೀಡಿ ಬರೆಯಲು ಪುರುಸೊತ್ತಿಲ್ಲ.

ನಿಮ್ಮ ಕಾಗದ ಬಂತು, ಜೊತೆಗಿದ್ದ ಮಗುವಿನ ಫೋಟೋನೂ ಬಂತು. ಫೋಟೋದ ಮಾತು ಆಮೇಲೆ ಆಡೋಣ. ಅಂಗಡಿಯ ಮುಂದಿನ ಗಾಜಿನ ಹಿಂದೆ ನಿಲ್ಲಿಸಲು ಆಳೆತ್ತರದ ಫ್ರೇಮು ಮಾಡಿಸಿದ್ದೀರಂತೆ. ಅದರೊಳಗೆ ನಾನು, ನನ್ನ ತೋಳಿನಲ್ಲಿ ಮಗು ಇರಬೇಕಂತೆ. ಬಸುರಿಯರ ಫೋಟೋಕ್ಕೇ ಹೆಸರಾದ ಸ್ಟುಡಿಯೋದಲ್ಲಿ ಮಾಲೀಕರ ಹೆಂಡತಿ ಮಗುವಿನ ಚಿತ್ರವೇ ಇಲ್ಲದಿದ್ದರೆ ಬಂದವರು ಏನಂದುಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ಆಮೇಲೆ ಈ ಸಾಲು: “ಮುಖ ಇಷ್ಟರಲ್ಲಿ ಸರಿಹೋಗಿರಬೇಕು, ಬಂದುಬಿಡು. ಸರಿಹೋಗದಿದ್ದರೂ ಚಿಂತೆ ಬೇಡ, ನಾನಿದ್ದೀನಲ್ಲ.” ಇದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಮೊದಲು, ಪಾಪ, ಎಷ್ಟು ಧೈರ್ಯ ಹೇಳ್ತಾರೆ ನಿನ್ನ ಗಂಡ ಅಂದಳು. ‘ನಾನಿದ್ದೀನಲ್ಲ’ ಎಂದರೆ ನಿಮ್ಮ ಕಂಪ್ಯೂಟರಿನ ಕುಂಚ ಇದೆಯಲ್ಲ ಎಂದರ್ಥ ಎಂದು ನಾನು ಬಿಡಿಸಿ ಹೇಳಿದ ಮೇಲೆ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಎದ್ದುಹೋದಳು.

ನೀವು ಕೇಳಿರುವುದು ಒಂದೇ ಪ್ರಶ್ನೆ, ಯಾವಾಗ ಬರುತ್ತೀಯ ಅಂತ. ಬರುತ್ತೀಯಾ ಅಂತ ಕೇಳಿಲ್ಲ. ಆ ಎರಡರ ನಡುವೆ ಎಷ್ಟು ದೂರವಿದೆ ಎಂದು ನಿಮಗೆ ಗೊತ್ತಾಗಲಿ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಗಿರಾಕಿ ಇದ್ದರೆ ಕಾಗದ ಮಡಿಸಿಟ್ಟು, ಹೋದ ಮೇಲೆ ಓದಿ.

ಫೋನಿನಲ್ಲಿ ಗಿರಾಕಿಗಳಿಗೆ ಹೇಳಲು ನೀವು ನನಗೆ ಬಾಯಿಪಾಠ ಮಾಡಿಸಿದ್ದು ನೆನಪಿದೆಯೇ? ಫೋಟೋಕ್ಕೆ ದಿನ ಗೊತ್ತುಮಾಡುವ ಪ್ರತಿಯೊಬ್ಬ ಬಸುರಿಗೂ ನಾನು ಅದನ್ನೇ ಒಪ್ಪಿಸುತ್ತಿದ್ದೆ. “ಮೇಡಂ, ಈ ಟೈಮಲ್ಲಿ ಬಿಸಿಲಿಗೆ ಮುಖ ಬೇಗ ಕಪ್ಪು ಹಿಡಿಯುತ್ತೆ. ಅಗಲ ಅಂಚಿನ ಟೋಪಿ ಹಾಕ್ಕೊಂಡು ಬನ್ನಿ. ಸನ್‌ಸ್ಕ್ರೀನ್ ಹಚ್ಚಿ, ಬೆವರು ಒರೆಸಿಕೊಂಡ್ರೆ ಮತ್ತೆ ಹಚ್ಕೊಳ್ಳಿ. ಮೋಡ ಇದೆ ಅಂತ ಬಿಡಬೇಡಿ. ನಡುಮಧ್ಯಾಹ್ನ ನಾವೇ ಕರೆಯಲ್ಲ.” ಎಷ್ಟು ಕಾಳಜಿ ಎಂದು ಅವರೆಲ್ಲ ಮೆಚ್ಚಿಕೊಳ್ಳುತ್ತಿದ್ದರು. “ಮುಖದ ಕಲೆ ಕಡಿಮೆಯಿದ್ದಷ್ಟೂ ನನಗೆ ಕೂತು ಅಳಿಸೋ ಕೆಲಸ ಕಡಿಮೆ” ಎಂದು ನೀವು ಹೇಳಿದ್ದು ನನಗೊಬ್ಬಳಿಗೇ ಗೊತ್ತಿತ್ತು. ಆಗ ಅದು ತಮಾಷೆಯಾಗಿಯೇ ಕೇಳಿಸಿತ್ತು.

ಕೆರೆ ಪಕ್ಕದ ಪಾರ್ಕಿನಲ್ಲಿ ಗಿರಾಕಿ ಬೆಂಚಿನ ಮೇಲೆ ಕೂತರೆ ಬಿಳಿ ಕೊಡೆಯನ್ನು ನೀವೇ ಹಿಡಿಯುತ್ತಿದ್ದಿರಿ. ಕ್ಲಿಕ್ಕು ಒತ್ತುವ ಕ್ಷಣದವರೆಗೂ ಆಯಮ್ಮನ ಮೇಲೆ ನೆರಳು. ಒತ್ತಿದ ತಕ್ಷಣ ಮತ್ತೆ ಕೊಡೆ, ತಣ್ಣೀರು, ಒದ್ದೆ ಬಟ್ಟೆ. ನಾನು ಎದುರಿಗೆ ಬಿಸಿಲಿನಲ್ಲಿ, ಬೆಳಕನ್ನು ಅವರ ಮುಖಕ್ಕೆ ತಿರುಗಿಸುವ ರಿಫ್ಲೆಕ್ಟರ್ ಹಿಡಿದು ನಿಂತಿರುತ್ತಿದ್ದೆ. ‘ಬೆಳ್ಳಿ ತಟ್ಟೆ’ ಎಂದು ನೀವು ಅದಕ್ಕೆ ಹೆಸರಿಟ್ಟಿದ್ದಿರಿ. ತಟ್ಟೆ ಎತ್ತು, ತಟ್ಟೆ ಇಳಿಸು, ತಟ್ಟೆ ಸ್ವಲ್ಪ ಎಡಕ್ಕೆ. ತಟ್ಟೆ ಹಿಡಿದವರು ನೆರಳಿನಲ್ಲಿ ನಿಂತರೆ ಬೆಳಕು ಎಲ್ಲಿಂದ ಬರಬೇಕು, ಅಷ್ಟು ನನಗೂ ಗೊತ್ತು. ಐದನೇ ತಿಂಗಳು ತುಂಬಿದ ಮೇಲೆ ಈ ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಳ್ಳೋಣ ಎಂದೆ. “ನಿನ್ನ ಥರ ಹಿಡಿಯೋರು ಯಾರಿದಾರೆ?” ಅಂದಿರಿ. ಹೊಗಳಿದಿರೆಂದು ಉಬ್ಬಿಹೋಗಿ ಇನ್ನೂ ಎರಡು ತಿಂಗಳು ಹಿಡಿದೆ.

ಅತ್ತೆ ಒಂದು ದಿನ ಪಾರ್ಕಿಗೆ ಫ್ಲಾಸ್ಕಿನಲ್ಲಿ ಟೀ ತಂದರಲ್ಲ, ಅವತ್ತು ಅಂದ ಮಾತನ್ನು ನೀವು ಮರೆತಿರಬಹುದು, ನಾನು ಮರೆತಿಲ್ಲ. ಕೊಡೆಯ ಕೆಳಗಿದ್ದ ಗಿರಾಕಿಯನ್ನು ನೋಡಿ, ಬಿಸಿಲಿನಲ್ಲಿದ್ದ ನನ್ನನ್ನು ನೋಡಿ, “ಏನೋ, ಅವರ ಹೊಟ್ಟೇಲಿರೋದು ಮಗು, ನಿನ್ನ ಹೆಂಡ್ತಿ ದಿಂಬು ಕಟ್ಕೊಂಡಿದಾಳಾ?” ಎಂದು ಎಲ್ಲರ ಎದುರಿಗೇ ಕೇಳಿದರು. ಗಿರಾಕಿ ನಕ್ಕರು. ನೀವೂ ನಕ್ಕು, ಅಮ್ಮಾ, ಫ್ರೇಮಿಗೆ ಅಡ್ಡ ಬರ್ತಿದೀಯ, ಈ ಕಡೆ ಬಾ ಅಂದಿರಿ. ಅವರು ತಮ್ಮ ಹಳೇ ಕಪ್ಪು ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು ನಿಂತರು. ಅದರ ನೆರಳು ತಟ್ಟೆಯ ಮೇಲೆ ಬೀಳುತ್ತದೆ ಎಂದು ನೀವು ಅದನ್ನೂ ಮುಚ್ಚಿಸಿದಿರಿ.

ನಾನು ಅಜಾಗರೂಕಳಾಗಿರಲಿಲ್ಲ. ಗಿರಾಕಿಗಳಿಗೆ ಹೇಳಿದ್ದನ್ನೆಲ್ಲ ನಾನೂ ಮಾಡಿದೆ. ಹುಲ್ಲಿನ ಟೋಪಿ ಹಾಕಿದೆ. ಮುಖಕ್ಕೆ ಸುಣ್ಣ ಬಳಿದ ಗೋಡೆಯ ಹಾಗೆ ಕ್ರೀಮು ಮೆತ್ತಿಕೊಂಡೆ. ಬೆವರಿದಾಗ ಮತ್ತೆ ಹಚ್ಚಲು ಕೈಗೆ ಬಿಡುವಿರಲಿಲ್ಲ, ಎರಡೂ ಕೈಯಲ್ಲಿ ತಟ್ಟೆಯಿತ್ತು. ಮೊದಲು ಕಂಡದ್ದು ಮೇಲ್ತುಟಿಯ ಮೇಲೆ. ಟೀ ಕುಡಿದು ಬಾಯಿ ಸರಿಯಾಗಿ ಒರೆಸಿಕೊಂಡಿಲ್ಲವೇನೋ ಎಂದು ಮತ್ತೆ ಮತ್ತೆ ಒರೆಸಿಕೊಂಡೆ. ಆಮೇಲೆ ಹಣೆ, ಎರಡೂ ಕೆನ್ನೆ, ದವಡೆಯ ಅಂಚು. ಬಂಗು ಎನ್ನುತ್ತಾರಲ್ಲ, ಅದೇ.

ನೀವು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ನೀವು ಕೌಂಟರಿನ ಕುರ್ಚಿಯನ್ನು ಒಳಗಿನ ಕೋಣೆಗೆ ಹಾಕಿಸಿ, “ಇಲ್ಲೇ ಕೂತು ಫೋನ್ ತಗೋ, ಆರಾಮಾಗಿರುತ್ತೆ” ಅಂದಿರಿ. ಆರಾಮಾಗಿಯೇ ಇತ್ತು, ಫ್ಯಾನು ಕೂಡ ಇತ್ತು. ಒಂದು ದಿನ ನೀರು ಕುಡಿಯಲು ಹೊರಗೆ ಬಂದಾಗ ಗಿರಾಕಿಯೊಬ್ಬರು ನನ್ನ ಮುಖ ನೋಡಿ ಗಾಬರಿಯಾಗಿ, ಪಾರ್ಕಿನಲ್ಲಿ ಫೋಟೋ ತೆಗೆಸಿಕೊಂಡರೆ ನಮಗೂ ಹೀಗೇ ಆಗುತ್ತಾ ಮೇಡಂ ಎಂದು ಕೇಳಿದರು. ಅವತ್ತು ಬಾಗಿಲು ಹಾಕುವಾಗ ನೀವು ಲೆನ್ಸು ಒರೆಸುತ್ತಾ, ತಲೆಯೆತ್ತದೆ, “ಅಕ್ಕನ ಮನೆಗೆ ಹೋಗಿರು. ಮುಖ ಸರಿಹೋದ ಮೇಲೆ ಬರುವೆಯಂತೆ” ಅಂದಿರಿ. ವಿಶ್ರಾಂತಿಗೆ ಹೋಗು ಅಂದಿದ್ದರೆ ಹೋಗುತ್ತಿದ್ದೆ. ಹೆರಿಗೆಗೆ ಹೋಗು ಅಂದಿದ್ದರೂ ಹೋಗುತ್ತಿದ್ದೆ. ನೀವು ಹೇಳಿದ್ದು ಮುಖ ಸರಿಮಾಡಿಕೊಂಡು ಬರಲು. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಮುಖಕ್ಕೆ ಟವೆಲ್ಲು ಹಿಡಿದು ಅಳುತ್ತಿದ್ದೆ, ಬಿಸಿಲಿಗೆ ಮುಚ್ಚಿಕೊಂಡಿದ್ದಾಳೆ ಅಂದುಕೊಂಡು ಪಕ್ಕದವರು ಕಿಟಕಿ ಪರದೆ ಎಳೆದರು.

ಅಕ್ಕ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳಾದ್ದರಿಂದ ಸುಮ್ಮನೆ ಬಿಡಲಿಲ್ಲ, ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಅವರು ಒಳ್ಳೆಯವರು. ಬಸುರಿನಲ್ಲಿ ತುಂಬ ಹೆಂಗಸರಿಗೆ ಇದು ಬರುತ್ತೆ, ಒಳಗೆ ಹಾರ್ಮೋನು ಕುಣಿಯುತ್ತಿರುತ್ತೆ, ಹೊರಗಿನ ಬಿಸಿಲು ಅದಕ್ಕೆ ತಾಳ ಹಾಕುತ್ತೆ, ಹೆರಿಗೆಯಾದ ಮೇಲೆ ಬಹಳ ಸಲ ತಾನಾಗಿ ತಿಳಿಯಾಗುತ್ತೆ, ಈಗ ನೆರಳೇ ಔಷಧಿ ಅಂದರು. ಆದರೆ ಗದ್ದ ಎತ್ತಿಸಿ ದವಡೆಯ ಕೆಳಗೆ ನೋಡಿದಾಗ ಅವರ ಹುಬ್ಬು ಗಂಟಾಯಿತು. ಟೋಪಿ ಹಾಕುತ್ತಿದ್ದೆ ಅಂತೀರಿ, ಬಿಸಿಲೇ ಕಾಣದ ಜಾಗಕ್ಕೂ ಹೇಗೆ ಬಂತು? ತಿಂಗಳು ತಿಂಗಳಿಗೆ ಹೇಗೆ ಹರಡಿತು ನೋಡಬೇಕು, ಹಳೇ ಫೋಟೋಗಳಿವೆಯಾ?

ಎಷ್ಟು ಹೆಮ್ಮೆಯಿಂದ ಹೇಳಿದೆ ಗೊತ್ತೇ? ನಮ್ಮನೆಯವರು ಫೋಟೋಗ್ರಾಫರು ಡಾಕ್ಟ್ರೇ, ಕೆಲಸ ಶುರುಮಾಡುವ ಮೊದಲು ಬೆಳಕು ನೋಡೋದಕ್ಕೆ ಪ್ರತಿ ಸಲ ನನ್ನ ಮುಖದ ಒಂದು ಫೋಟೋ ತೆಗೀತಾರೆ, ರಾಶಿ ಇವೆ ಎಂದೆ. ನಿಮಗೆ ಫೋನು ಮಾಡಿದೆ. ಪುಣ್ಯಕ್ಕೆ ನೀವು ತಡಮಾಡಲಿಲ್ಲ, ಮಾರನೇ ದಿನವೇ ಕಳಿಸಿದಿರಿ. ಡಾಕ್ಟರಮ್ಮ ಒಂದೊಂದಾಗಿ ನೋಡಿದರು. ಐದನೇ ತಿಂಗಳು, ಕಲೆಯಿಲ್ಲ. ಆರನೇ ತಿಂಗಳು, ಕಲೆಯಿಲ್ಲ. ಏಳನೆಯದರಲ್ಲಿ ಮುಖ ಹಾಲಿನಲ್ಲಿ ತೊಳೆದಂತಿತ್ತು. ಫೋನು ಕೆಳಗಿಟ್ಟು ಅವರು ನನ್ನನ್ನು ನೋಡಿದ ರೀತಿಯೇ ಬದಲಾಯಿತು. ಹೋದ ತಿಂಗಳು ಹೀಗಿದ್ದ ಮುಖ ಇಷ್ಟು ಬೇಗ ಇಷ್ಟು ಕೆಡಬೇಕಾದರೆ ಏನೋ ಹಚ್ಚಿಕೊಂಡಿದ್ದೀರಿ, ಬೆಳ್ಳಗಾಗುವ ಕ್ರೀಮೇ? ನಿಜ ಹೇಳಿ, ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತೆ, ಅದು ಮಗುವಿಗೂ ಹೋಗುತ್ತೆ ಎಂದರು.

ಏನೂ ಹಚ್ಚಿಲ್ಲ ಎಂದೆ. ಅವರು ನಂಬಲಿಲ್ಲ, ಯಾಕೆ ನಂಬಬೇಕು, ಕಣ್ಣೆದುರಿಗೇ ಫೋಟೋ ಇತ್ತಲ್ಲ. ರಕ್ತ ಪರೀಕ್ಷೆಗೆ ಬರೆದರು. ಅಕ್ಕ ಮನೆಗೆ ಬಂದವಳೇ ನನ್ನ ಚೀಲ ಸುರಿದು, ಬಚ್ಚಲ ಕಪಾಟು ಜಾಲಾಡಿ, “ಎಲ್ಲಿಟ್ಟಿದೀಯ ಆ ಟ್ಯೂಬು? ನಿನಗೆ ಬುದ್ಧಿ ಇಲ್ವಾ? ಹೊಟ್ಟೇಲಿ ಮಗು ಇಟ್ಕೊಂಡು?” ಎಂದು ಅಳುತ್ತಾ ಬೈದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ನಂಬದೇ ಇದ್ದದ್ದು ಅದೊಂದೇ ಸಲ. ಮಗು ಒಂದಿಷ್ಟು ಹೊತ್ತು ಒದೆಯದಿದ್ದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು. ಏನೂ ಹಚ್ಚಿಲ್ಲವೆಂದು ಚೆನ್ನಾಗಿ ಗೊತ್ತಿದ್ದ ನನಗೇ, ಅರಿವಿಲ್ಲದೆ ಏನಾದರೂ ಹಚ್ಚಿದೆನೇ ಎಂದು ಅನುಮಾನ ಬಂದುಬಿಟ್ಟಿತ್ತು.

ಅವತ್ತು ಸಂಜೆ ಬಚ್ಚಲಿನ ಕನ್ನಡಿಯ ಪಕ್ಕಕ್ಕೆ ಫೋನು ಹಿಡಿದು ಎರಡು ಮುಖಗಳನ್ನೂ ನೋಡುತ್ತಾ ನಿಂತೆ. ಕನ್ನಡಿಯಲ್ಲಿ ನನ್ನ ತುಟಿಯ ಪಕ್ಕದ ಮಚ್ಚೆ ಇತ್ತು. ಫೋನಿನಲ್ಲಿ ಇರಲಿಲ್ಲ. ಐದನೇ ತಿಂಗಳಲ್ಲಿ ಇಲ್ಲ, ಆರರಲ್ಲಿ ಇಲ್ಲ, ಏಳರಲ್ಲಿ ಇಲ್ಲ. ಅಕ್ಕನನ್ನು ಕೂಗಿದೆ. ಅವಳೇ ನಿಮಗೆ ಫೋನು ಮಾಡಿದಳು, ಸ್ಪೀಕರಿನಲ್ಲಿ ಹಾಕಿದ್ದಳು, ಆದ್ದರಿಂದ ನೀವು ಹೇಳಿದ್ದನ್ನು ನಾನೂ ಕೇಳಿದೆ. “ಡಾಕ್ಟ್ರು ನೋಡ್ತಾರೆ ಅಂದ್ಲಲ್ಲ ಅತ್ತಿಗೆ, ಚೆನ್ನಾಗಿ ಕಾಣ್ಲಿ ಅಂತ ಸ್ವಲ್ಪ ಕ್ಲೀನ್ ಮಾಡ್ದೆ.”

ಅಕ್ಕ ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಸ್ಪತ್ರೆಗೆ ಹೋಗುವವನ ಹುಣ್ಣಿಗೆ ಪೌಡರು ಹಚ್ಚಿ ಕಳಿಸುವವರನ್ನು ಇವತ್ತೇ ನೋಡಿದ್ದು ಅಂದಳು. ಆಮೇಲೆ ಮೂಲ ಫೋಟೋಗಳನ್ನಾದರೂ ಕಳಿಸಿ ಎಂದು ಕೇಳಿದಳು. ಅದರ ಮೇಲೇ ಸೇವ್ ಮಾಡಿಬಿಟ್ಟೆ, ಮೂಲ ಇಲ್ಲ ಅಂದಿರಿ. ಅಲ್ಲಿಗೆ ಆಯಿತು. ನನ್ನ ಮಗಳನ್ನು ಹೊತ್ತ ತಿಂಗಳುಗಳ ನನ್ನ ಮುಖ ಈಗ ಎಲ್ಲೂ ಇಲ್ಲ. ನೀವು ಅದನ್ನು ಬೇಕೆಂದು ಮಾಡಲಿಲ್ಲ ಎಂದು ಗೊತ್ತು. ಕೈ ಅಭ್ಯಾಸ. ಆದರೆ ಬಂಗು ಅಳಿಸುವ ಭರದಲ್ಲಿ ಮಚ್ಚೆಯನ್ನೂ ಅಳಿಸಿದಿರಲ್ಲ, ನನ್ನ ಹೊಟ್ಟೆ ಉರಿದದ್ದು ಅದಕ್ಕೆ.

ನಾನು ಮೊದಲ ಸಲ ನಿಮ್ಮ ಅಂಗಡಿಗೆ ಬಂದದ್ದು ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ. ಈ ಮಚ್ಚೆ ತೆಗೆದುಬಿಡಿ, ಚೆನ್ನಾಗಿ ಕಾಣಲ್ಲ ಎಂದು ನಾನೇ ಕೇಳಿಕೊಂಡೆ. ನೀವು ಪರದೆ ನನ್ನ ಕಡೆ ತಿರುಗಿಸಿ, ಒಮ್ಮೆ ಅಳಿಸಿ ತೋರಿಸಿ, ಮತ್ತೆ ವಾಪಸ್ ತಂದು, “ನೋಡಿ, ಇದು ಹೋದ್ರೆ ಇವರು ಬೇರೆ ಯಾರೋ. ಈ ಚುಕ್ಕಿ ಇದ್ರೇನೇ ನೀವು” ಅಂದಿರಿ. ನಾನು ನಿಮ್ಮನ್ನು ಮದುವೆಯಾದದ್ದು ಆ ಒಂದು ಮಾತಿಗೆ. ಅಲ್ಲಿಂದಾಚೆ ಮನೆಯಲ್ಲಿ ನನ್ನ ಹೆಸರೇ ಚುಕ್ಕಿ ಆಯಿತು. ಬೇರೆ ಯಾರೋ ಆಗಿಬಿಟ್ಟೆ ನೋಡಿ ಈಗ, ನಿಮ್ಮ ಲೆಕ್ಕದಲ್ಲೇ.

ರಕ್ತದಲ್ಲಿ ಏನೂ ಸಿಗಲಿಲ್ಲ. ಡಾಕ್ಟರಮ್ಮನಿಗೆ ನಡೆದದ್ದನ್ನು ಹೇಳಿದಾಗ ಅವರು ತಲೆ ಮೇಲೆ ಕೈಯಿಟ್ಟುಕೊಂಡು, ಕ್ಷಮಿಸಿ ಅಂದರು. ಕೆಲಸ ಏನು ಮಾಡ್ತಿದ್ರಿ, ನಿಂತು ತೋರಿಸಿ ಎಂದರು. ಸಲಕರಣೆ ಇಡುವ ಸ್ಟೀಲಿನ ಟ್ರೇ ಖಾಲಿ ಮಾಡಿ ಕೈಗೆ ಕೊಟ್ಟರು. ನಾನು ಕಿಟಕಿಯ ಬಿಸಿಲಿಗೆ ನಿಂತು, ಹೊಟ್ಟೆಯ ಮೇಲೆ ಆನಿಸಿಕೊಂಡು ಹಿಡಿದೆ. ನರ್ಸಮ್ಮ “ಅಯ್ಯೋ” ಅಂದರು. ಟ್ರೇಯಿಂದ ಎದ್ದ ಬೆಳಕು ನನ್ನ ಕತ್ತು, ಗದ್ದ, ದವಡೆಯ ಮೇಲೆ ಬಿದ್ದಿತ್ತು. ಟೋಪಿ ಮೇಲಿನ ಬಿಸಿಲಿಗಾಯ್ತು, ಕೆಳಗಿಂದ ಬರೋ ಬಿಸಿಲಿಗೆ ಏನು ಮಾಡಿದ್ರಿ ಎಂದು ಡಾಕ್ಟರಮ್ಮ ಕೇಳಿದರು. ಬೆಳಕಿನ ಜೊತೆ ಇಷ್ಟು ವರ್ಷ ಬಾಳಿದ ನಮ್ಮಿಬ್ಬರಿಗೂ ಅದು ತಲೆಗೆ ಹೋಗಿರಲಿಲ್ಲ. ಎದುರಿಗಿದ್ದವರ ಮುಖ ಎಷ್ಟು ಬೆಳಗಿತು ಎಂದು ಇಬ್ಬರೂ ಅತ್ತಲೇ ನೋಡುತ್ತಿದ್ದೆವು.

ಇಲ್ಲಿ ಅಕ್ಕ ನನ್ನನ್ನು ಪೊಲೀಸಿನವಳ ಹಾಗೆ ಕಾದಳು. ಅಡುಗೆಮನೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿದಳು, ಗಾಜು ಬಿಸಿಲನ್ನು ಪೂರ್ತಿ ತಡೆಯಲ್ಲ ಕಣೇ ಎಂದು. ಅಂಗಳದಲ್ಲಿ ನೀರು ತುಂಬಿದ ತೊಟ್ಟಿಯ ಪಕ್ಕ ಕೂರಗೊಡಲಿಲ್ಲ. ಇಂದಿಗೂ ಟೋಪಿಯಿಲ್ಲದೆ ಬಟ್ಟೆ ಒಣಹಾಕಲು ಬಿಡುವುದಿಲ್ಲ. ಇದನ್ನೆಲ್ಲ ಮಾಡಲು ನೀವು ಬೇಕಿರಲಿಲ್ಲ ಎಂದು ಚುಚ್ಚಲು ಬರೆಯುತ್ತಿಲ್ಲ. ನಿಜ ಹೇಳಬೇಕೆಂದರೆ ಚುಚ್ಚಲೆಂದೇ ಬರೆಯುತ್ತಿದ್ದೇನೆ.

ಈಗ ನೀವು ಕಳಿಸಿದ ಫೋಟೋ. ಹೆರಿಗೆಯಾದ ಮರುದಿನ ನೀವು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡೇ ವಾರ್ಡಿಗೆ ಬಂದಿರಿ. ಮಗಳನ್ನು ಎತ್ತಿಕೊಳ್ಳಲು ಆ ಕ್ಯಾಮೆರಾವನ್ನು ಕಳಚಿ ನೆಲದ ಮೇಲೇ ಇಟ್ಟುಬಿಟ್ಟಿರಿ. ಅವತ್ತೇ ನಾನು ಕರಗಿಹೋಗಿದ್ದೆ, ನೀವು ಬಾ ಅಂದಿದ್ದರೆ ಹೊಲಿಗೆ ಬಿಚ್ಚುವ ಮೊದಲೇ ಬರುತ್ತಿದ್ದೆ. ಅವಳ ಎಡ ರೆಪ್ಪೆಯ ಮೇಲೆ ಕೆಂಪು ಕಲೆಯಿತ್ತಲ್ಲ, ಬೆರಳಿನಿಂದ ಮುಟ್ಟಿ ಏನಿದು ಎಂದು ಕೇಳಿದಿರಿ. ತುಂಬ ಮಕ್ಕಳಿಗೆ ಇರುತ್ತೆ, ವರ್ಷ ಎರಡು ವರ್ಷದಲ್ಲಿ ತಾನಾಗಿ ಹೋಗುತ್ತೆ ಎಂದು ಮಕ್ಕಳ ಡಾಕ್ಟರು ಹೇಳಿದ್ದನ್ನು ನಿಮಗೂ ಹೇಳಿದೆ. ಅವಳು ಅಳುವಾಗ ಅದು ಇನ್ನೂ ಕೆಂಪಾಗುತ್ತದೆ. ಹಸಿವೋ ನಿದ್ದೆಯೋ ಎಂದು ನಾನು ಕಂಡುಹಿಡಿಯುವುದೇ ಅದನ್ನು ನೋಡಿ.

ನೀವು ಕಳಿಸಿದ ಮಗುವಿನ ರೆಪ್ಪೆಯ ಮೇಲೆ ಏನೂ ಇಲ್ಲ. ಬಣ್ಣವನ್ನೂ ಸ್ವಲ್ಪ ಏರಿಸಿದ್ದೀರಿ. ಒಂದು ದಿನದ ಕೂಸು ಅದು. ಎರಡು ವರ್ಷದಲ್ಲಿ ತಾನಾಗಿ ಹೋಗುವುದಕ್ಕೆ ನಿಮಗೆ ಒಂದು ದಿನವೂ ಕಾಯಲಾಗಲಿಲ್ಲ. ನನ್ನನ್ನು ಅಳಿಸಿದಿರಿ, ಅಕ್ಕನ ಮನೆಯ ಬಚ್ಚಲಿನಲ್ಲಿ ಅತ್ತು ಮುಗಿಸಿದೆ. ಇವಳನ್ನು ಮುಟ್ಟಬಾರದಿತ್ತು. ನಾಳೆ ಇವಳು ಬಿಸಿಲಿನಲ್ಲಿ ಆಡಿ ಕಪ್ಪಾಗಿ ಬರುತ್ತಾಳೆ, ಮೊಡವೆ ಏಳುತ್ತದೆ, ಬಿದ್ದು ಗಾಯದ ಗುರುತಾಗುತ್ತದೆ. ಪ್ರತಿ ಸಲವೂ ಅಪ್ಪನ ಅಂಗಡಿಯ ಗಾಜಿನಲ್ಲಿ ತನಗಿಂತ ಚೆನ್ನಾಗಿರುವ ಇನ್ನೊಬ್ಬಳನ್ನು ನೋಡುತ್ತಾ ಬೆಳೆಯಬೇಕೇ? ಅಂಥ ಮನೆಗೆ ನಾನು ಇವಳನ್ನು ಕರೆತರಲಾರೆ.

ಈ ಲಕೋಟೆಯಲ್ಲಿ ಒಂದು ಫೋಟೋ ಇದೆ. ಹೆರಿಗೆಯಾದ ವಾರ, ವಾರ್ಡಿನ ಕಿಟಕಿಯ ಹತ್ತಿರ, ಅಕ್ಕ ತನ್ನ ಫೋನಿನಲ್ಲಿ ತೆಗೆದದ್ದು. ಫೋಕಸು ಸರಿಯಿಲ್ಲ ಎಂದು ನೀವು ಮೂಗು ಮುರಿಯುತ್ತೀರಿ, ಮುರಿಯಿರಿ. ನನ್ನ ಹಣೆ, ಕೆನ್ನೆ, ಮೇಲ್ತುಟಿ, ಎಲ್ಲ ಕಡೆ ಬಂಗು ಇದೆ. ಮಗಳು ಅಳುತ್ತಿದ್ದಾಳೆ, ರೆಪ್ಪೆ ಕೆಂಪಗಿದೆ. ತುಟಿಯ ಪಕ್ಕ ಚುಕ್ಕಿ ಇದೆ. ನೀವು ಮಾಡಿಸಿರುವ ಆಳೆತ್ತರದ ಫ್ರೇಮಿಗೆ ಇದನ್ನು ಹಾಕಿ, ಇದ್ದ ಹಾಗೇ. ಬೀದಿಗೆ ಮುಖ ಮಾಡಿ ಗಾಜಿನ ಹಿಂದೆ ನಿಲ್ಲಿಸಿ. ಅತ್ತೆ ದಿನಾ ಬೆಳಗ್ಗೆ ಹಾಲು ತರಲು ಅಂಗಡಿಯ ಮುಂದೆಯೇ ಹೋಗುತ್ತಾರೆ, ಅವರ ಕಣ್ಣು ಇನ್ನೂ ಚುರುಕಾಗಿದೆ, ಅವರಿಗೂ ಇದೇ ಫೋಟೋದ ಇನ್ನೊಂದು ಪ್ರತಿ ಕಳಿಸಿದ್ದೇನೆ. ಇದಕ್ಕೂ ಗಾಜಿನ ಹಿಂದಿರುವುದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ ಎಂದು ಅವರು ಫೋನು ಮಾಡಿದ ದಿನ ನಾನು ಚೀಲ ತುಂಬಿಕೊಳ್ಳುತ್ತೇನೆ.

ಮಗಳು ಮಿಸುಕುತ್ತಿದ್ದಾಳೆ. ರೆಪ್ಪೆ ನೋಡಿದರೆ ಹಸಿವು.

ಇಂತಿ,
ನೀವೇ ಹೆಸರಿಟ್ಟ
ಚುಕ್ಕಿ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು: ನನ್ನ ಮುಖ ಸರಿಹೋಗಿದೆ. ಹೆರಿಗೆಯಾದಾಗಿನಿಂದ ತಿಳಿಯಾಗುತ್ತಾ ಬಂದು, ಈಗ ಮೇಲ್ತುಟಿಯ ಮೇಲೆ ಹುಡುಕಿದರೆ ಮಾತ್ರ ಸಿಗುವಷ್ಟು ಉಳಿದಿದೆ. ನಿಮ್ಮ ಷರತ್ತಿನಂತೆ ಹೋದ ತಿಂಗಳೇ ಬಸ್ಸು ಹತ್ತಬಹುದಿತ್ತು. ಮಗಳ ರೆಪ್ಪೆಯ ಕೆಂಪೂ ಮಾಸತೊಡಗಿದೆ. ಹೇಗೂ ಈಗ ನಿಜವಾಗಿಯೇ ಕಲೆಯಿಲ್ಲವಲ್ಲ, ಆ ಫೋಟೋದಲ್ಲಿ ಅಳಿಸಿದರೆ ಸುಳ್ಳಾಗುವುದಿಲ್ಲವಲ್ಲ ಎಂದು ನಿಮ್ಮ ಕೈ ತುರಿಸುತ್ತದೆ, ನನಗೆ ಗೊತ್ತು. ಹಾಗೆ ತುರಿಸಿ ಅಳಿಸಿದಿರಾದರೆ ಆ ಫ್ರೇಮಿನವಳ ಜೊತೆಯೇ ಇರಿ, ನಮ್ಮ ದಾರಿ ಕಾಯಬೇಡಿ.